ಹೇಗಿದ್ದೀರಿ ಎಂದು ಯಾರನ್ನು ಕೇಳಬೇಕು?



ವಾರದ ಸಭೆಯಲ್ಲಿ ಉಳಿತಾಯ ಕಟ್ಟಿ, ಸಾಲದ ಕಂತು ಬರೆದು, ನಡಾವಳಿ ಪುಸ್ತಕಕ್ಕೆ ಸಹಿ ಹಾಕಿ ಮುಗಿದ ಮೇಲೆ ನಮ್ಮ ಸಂಘಗಳಲ್ಲಿ ಮಾತು ಎಲ್ಲಿಗೆ ಹೋಗುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಅತ್ತೆಗೆ ಸಕ್ಕರೆ ಕಾಯಿಲೆ, ಯಜಮಾನರಿಗೆ ಬಿ.ಪಿ., ಅಣ್ಣನಿಗೆ ಲಕ್ವ ಹೊಡೆದು ಒಂದು ಕೈ ಏಳುವುದಿಲ್ಲ, ಪಕ್ಕದ ಮನೆಯವರು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಹೋಗುತ್ತಾರೆ. ಹಿಂದೆಲ್ಲ ಸಾಲದ ಅರ್ಜಿ ಎಂದರೆ ಹಸು, ಹೊಲಿಗೆ ಯಂತ್ರ, ಮಗಳ ಮದುವೆ. ಈಗ ನಾನು ನೋಡುವ ಅರ್ಜಿಗಳಲ್ಲಿ ಔಷಧಿ ಖರ್ಚು ಎಂಬ ಮಾತು ಪದೇ ಪದೇ ಕಾಣುತ್ತದೆ.

ಇವೆಲ್ಲ ಬಂದರೆ ಹೋಗದ ಕಾಯಿಲೆಗಳು. ಜ್ವರ, ಭೇದಿಯ ಹಾಗೆ ನಾಲ್ಕು ದಿನ ಇದ್ದು ವಾಸಿಯಾಗುವಂಥವಲ್ಲ. ವರ್ಷಗಟ್ಟಲೆ ಅವುಗಳ ಜೊತೆಯಲ್ಲೇ ಏಳಬೇಕು, ಉಣ್ಣಬೇಕು, ಕೆಲಸ ಮಾಡಬೇಕು, ಮಲಗಬೇಕು. ಆಸ್ಪತ್ರೆಗೆ ಹೋದರೆ ಒಂದು ಸಂಖ್ಯೆ ಬರೆದು ಕೊಡುತ್ತಾರೆ. ಸಕ್ಕರೆ ಇಷ್ಟು, ಬಿ.ಪಿ. ಇಷ್ಟು, ಕ್ರಿಯಾಟಿನಿನ್ ಇಷ್ಟು. ಆ ಸಂಖ್ಯೆ ಬೇಕೇ ಬೇಕು, ಅದನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಆ ಚೀಟಿಯಲ್ಲಿ ಇಲ್ಲದ ಸಂಗತಿಗಳು ಎಷ್ಟೋ ಇವೆ. ರಾತ್ರಿ ನಿದ್ದೆ ಬರುತ್ತದೆಯೇ? ತಾನಾಗಿ ಸ್ನಾನ ಮಾಡಲು ಆಗುತ್ತದೆಯೇ? ಮದುವೆ ಮನೆಗೆ ಕರೆದರೆ ಹೋಗಲು ಮನಸ್ಸಿದೆಯೇ? ಮನೆಯಲ್ಲಿ ಯಾರಾದರೂ ಕೂತು ಮಾತಾಡುತ್ತಾರೆಯೇ? ಇದಕ್ಕೆಲ್ಲ ಸೇರಿಸಿ ಸಂಶೋಧಕರು ಇಟ್ಟ ಹೆಸರು ‘ಜೀವನದ ಗುಣಮಟ್ಟ’. ಇದನ್ನು ಅಳೆಯುವುದು ಹೇಗೆ ಎಂದು ಪ್ರಪಂಚದಲ್ಲಿ ಹಲವಾರು ವರ್ಷಗಳಿಂದ ಸಂಶೋಧನೆ ನಡೆದಿದೆ. ಅದರಿಂದ ಗೊತ್ತಾಗಿರುವ ಕೆಲವು ವಿಷಯಗಳು ನಮ್ಮ ಮನೆಗೂ ನಮ್ಮ ಸಂಘಕ್ಕೂ ಉಪಯೋಗ ಎಂದು ನನಗೆ ಅನ್ನಿಸಿದ್ದರಿಂದ ಈ ಸಲ ಇದನ್ನೇ ಬರೆಯುತ್ತಿದ್ದೇನೆ.

ಒಂದೇ ರೋಗಿ, ಮೂರು ಉತ್ತರ

ಮೊದಲು ಒಂದು ಹಳೆಯ ಸಂಶೋಧನೆಯ ಕಥೆ. 1982ರಲ್ಲಿ ಇಂಗ್ಲೆಂಡಿನ ವೈದ್ಯರ ಒಂದು ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದ 75 ಜನರನ್ನು ಆರಿಸಿಕೊಂಡರು. ಮಾತ್ರೆಯಿಂದ ಅವರೆಲ್ಲರ ಬಿ.ಪಿ. ಹತೋಟಿಗೆ ಬಂದಿತ್ತು. ಚಿಕಿತ್ಸೆ ಶುರುವಾದ ಮೇಲೆ ಈ ರೋಗಿಯ ಜೀವನ ಸುಧಾರಿಸಿದೆಯೇ, ಹಾಗೇ ಇದೆಯೇ, ಕೆಟ್ಟಿದೆಯೇ ಎಂದು ಮೂರು ಕಡೆ ಕೇಳಿದರು: ಡಾಕ್ಟರನ್ನು, ರೋಗಿಯನ್ನು, ಮನೆಯವರನ್ನು.

ಡಾಕ್ಟರ್ ಹೇಳಿದ್ದು: 75 ಜನರೂ ಸುಧಾರಿಸಿದ್ದಾರೆ. ರೋಗಿಗಳಲ್ಲಿ ಸುಧಾರಿಸಿದೆ ಎಂದವರು ಅರ್ಧಕ್ಕಿಂತ ಸ್ವಲ್ಪ ಕಡಿಮೆ, ಶೇಕಡಾ 48. ಹೆಚ್ಚಿನ ಉಳಿದವರು ಮೊದಲಿನ ಹಾಗೇ ಇದೆ ಎಂದರು, ಕೆಲವರು ಕೆಟ್ಟಿದೆ ಎಂದರು. ಮನೆಯವರನ್ನು ಕೇಳಿದರೆ ಹೆಚ್ಚುಕಡಿಮೆ ಎಲ್ಲರದೂ ಒಂದೇ ಮಾತು: ಮೊದಲಿಗಿಂತ ಕೆಟ್ಟಿದೆ. ಮರೆವು ಜಾಸ್ತಿಯಾಗಿದೆ, ಸಣ್ಣದಕ್ಕೆಲ್ಲ ಸಿಡುಕುತ್ತಾರೆ, ಮಂಕಾಗಿ ಕೂರುತ್ತಾರೆ, ಯಾವುದರಲ್ಲೂ ಉತ್ಸಾಹವಿಲ್ಲ, ಇಡೀ ದಿನ ಕಾಯಿಲೆಯದೇ ಯೋಚನೆ ಎಂದು ಹೇಳಿದರು.

ಇವರಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ಡಾಕ್ಟರ್ ನೋಡಿದ್ದು ಬಿ.ಪಿ. ಯಂತ್ರದ ಅಂಕಿ, ರೋಗಿಯೂ ಬಂದಾಗ ದೂರು ಹೇಳಿರಲಿಲ್ಲ. ನಾವು ಡಾಕ್ಟರ ಮುಂದೆ ಕೂತಾಗ ಅಷ್ಟೇ ಅಲ್ಲವೇ? ಎರಡು ನಿಮಿಷದಲ್ಲಿ ‘ಪರವಾಗಿಲ್ಲ ಸಾರ್’ ಎಂದು ಎದ್ದು ಬರುತ್ತೇವೆ. ಮನೆಯವರು ನೋಡಿದ್ದು ಬೆಳಗಿನಿಂದ ರಾತ್ರಿಯವರೆಗಿನ ಮನುಷ್ಯನನ್ನು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಇದನ್ನು ಓದಿ ಯಾರೂ ಬಿ.ಪಿ. ಮಾತ್ರೆ ನಿಲ್ಲಿಸಬೇಡಿ. ಆ ಸಂಶೋಧನೆ ನಡೆದು 40 ವರ್ಷ ಮೀರಿದೆ, ಆಗಿನ ಮಾತ್ರೆಗಳು ಬೇರೆ, ಈಗ ಕೊಡುವ ಮಾತ್ರೆಗಳಲ್ಲಿ ಹೆಚ್ಚಿನವು ಬೇರೆ. ಬಿ.ಪಿ. ಮಾತ್ರೆ ಬಿಟ್ಟರೆ ಲಕ್ವ ಹೊಡೆಯುವ, ಹೃದಯಕ್ಕೂ ಕಿಡ್ನಿಗೂ ಪೆಟ್ಟಾಗುವ ಅಪಾಯ ಹೆಚ್ಚುತ್ತದೆ. ಮಾತ್ರೆ ತೆಗೆದುಕೊಂಡ ಮೇಲೆ ತಲೆಸುತ್ತು, ಒಣಕೆಮ್ಮು, ಕಾಲು ಊತ, ಸುಸ್ತು ಇದ್ದರೆ ಅದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಬೇರೆ ಮಾತ್ರೆ ಇದೆ, ಬದಲಾಯಿಸಿ ಕೊಡುತ್ತಾರೆ. ಹೇಳದಿದ್ದರೆ ಅವರಿಗೆ ಗೊತ್ತಾಗುವುದು ಹೇಗೆ?

ಇಪ್ಪತ್ತಾರು ಪ್ರಶ್ನೆಗಳು

ಇಂಥ ಅನುಭವಗಳಿಂದ, ರೋಗಿಯ ಜೀವನ ಹೇಗಿದೆ ಎಂದು ರೋಗಿಯ ಬಾಯಿಂದಲೇ ಕೇಳಿ ತಿಳಿಯುವ ಕ್ರಮ ಬೇಕು ಎಂಬ ವಿಚಾರ ಬಲವಾಯಿತು. 1991ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಕೆಲಸಕ್ಕೆ ಕೈಹಾಕಿತು. ಒಂದು ಶ್ರೀಮಂತ ದೇಶದಲ್ಲಿ ಪ್ರಶ್ನೆ ತಯಾರಿಸಿ ಉಳಿದವರಿಗೆ ಭಾಷಾಂತರ ಮಾಡಿ ಕೊಡುವುದು ಆವರೆಗೆ ನಡೆದುಬಂದಿದ್ದ ಪದ್ಧತಿ. ಈ ಸಲ ಹಾಗೆ ಮಾಡಲಿಲ್ಲ. ಬೇರೆ ಬೇರೆ ದೇಶಗಳ 15 ಕೇಂದ್ರಗಳಲ್ಲಿ ಒಟ್ಟಿಗೇ ಕೆಲಸ ಶುರುವಾಯಿತು. ಬ್ಯಾಂಕಾಕ್, ಹರಾರೆ, ಟೋಕಿಯೋ, ಪನಾಮಾಗಳ ಜೊತೆಗೆ ನಮ್ಮ ದೇಶದ ದೆಹಲಿ ಮತ್ತು ಮದ್ರಾಸು, ಅಂದರೆ ಈಗಿನ ಚೆನ್ನೈ, ಅದರಲ್ಲಿದ್ದವು. ಪ್ರತಿ ಕೇಂದ್ರದಲ್ಲೂ ಕಾಯಿಲೆ ಇರುವವರನ್ನು, ಇಲ್ಲದವರನ್ನು, ಆಸ್ಪತ್ರೆಯಲ್ಲಿ ಕೆಲಸ ಮಾಡುವವರನ್ನು ಗುಂಪು ಗುಂಪಾಗಿ ಕೂರಿಸಿ, ನಿಮ್ಮ ಪ್ರಕಾರ ಒಳ್ಳೆಯ ಬದುಕು ಎಂದರೆ ಏನೇನು ಸೇರಬೇಕು ಎಂದು ಮಾತಾಡಿಸಿದರು. ಅದು ನಮ್ಮ ಸಂಘದ ಸಭೆಯ ಹಾಗೇ ಇದ್ದಿರಬೇಕು ಎಂದು ನಾನು ಊಹಿಸಿಕೊಳ್ಳುತ್ತೇನೆ. ಅಲ್ಲಿ ಬಂದ ಮಾತುಗಳಿಂದ ಪ್ರಶ್ನೆಗಳನ್ನು ಮಾಡಿ, ಸೋಸಿ, ಕೊನೆಗೆ 100 ಪ್ರಶ್ನೆಗಳಿಗೆ ಇಳಿಸಿದರು. ಕಾಯಿಲೆಯವರಿಗೆ 100 ಪ್ರಶ್ನೆ ಆಯಾಸವಲ್ಲವೇ? ಅದಕ್ಕೆ 26 ಪ್ರಶ್ನೆಗಳ ಸಣ್ಣದೊಂದನ್ನೂ ಮಾಡಿದರು.

ಆ 26ರಲ್ಲಿ ಏನೇನಿದೆ ಎಂದು ನೋಡಿದರೆ ನಮಗೆ ಆಶ್ಚರ್ಯವಾಗುತ್ತದೆ. ಮೊದಲ ಎರಡು ಒಟ್ಟಾರೆ ಬದುಕು ಹೇಗಿದೆ, ಆರೋಗ್ಯ ತೃಪ್ತಿಯಾಗಿದೆಯೇ ಎಂಬ ಪ್ರಶ್ನೆಗಳು. ದೇಹಕ್ಕೆ ಸೇರಿದ್ದು ಏಳೇ ಏಳು: ನೋವು, ಮಾತ್ರೆಯ ಮೇಲಿನ ಅವಲಂಬನೆ, ಶಕ್ತಿ, ಓಡಾಟ, ನಿದ್ದೆ, ದಿನದ ಕೆಲಸ, ದುಡಿಯುವ ಸಾಮರ್ಥ್ಯ. ಮನಸ್ಸಿಗೆ ಸೇರಿದ್ದು ಆರು. ಬದುಕಿನಲ್ಲಿ ಸಂತೋಷ ಇದೆಯೇ, ಬದುಕಿಗೆ ಅರ್ಥ ಇದೆ ಎನಿಸುತ್ತದೆಯೇ, ಗಮನ ನಿಲ್ಲುತ್ತದೆಯೇ, ನಿಮ್ಮ ದೇಹದ ರೂಪವನ್ನು ಒಪ್ಪಿಕೊಂಡಿದ್ದೀರಾ, ನಿಮ್ಮ ಬಗ್ಗೆ ನಿಮಗೆ ಸಮಾಧಾನವಿದೆಯೇ, ಬೇಸರ ಚಿಂತೆ ಎಷ್ಟು ಸಲ ಕಾಡುತ್ತದೆ. ಸಂಬಂಧಗಳ ಬಗ್ಗೆ ಮೂರು. ಅದರಲ್ಲಿ ಒಂದು ದಾಂಪತ್ಯದ ವಿಷಯ, ನಮ್ಮಲ್ಲಿ ಯಾರೂ ಕೇಳದ ಪ್ರಶ್ನೆ.

ಉಳಿದ ಎಂಟು, ಅಂದರೆ ಎಲ್ಲಕ್ಕಿಂತ ಹೆಚ್ಚು, ಸುತ್ತಲಿನ ಪರಿಸ್ಥಿತಿಯ ಬಗ್ಗೆ. ಮನೆ ಹೇಗಿದೆ? ಕೈಯಲ್ಲಿ ಬೇಕಾದಷ್ಟು ಹಣವಿದೆಯೇ? ಆಸ್ಪತ್ರೆ ಸಿಗುತ್ತದೆಯೇ? ಓಡಾಡಲು ಬಸ್ಸು ಗಾಡಿಯ ಅನುಕೂಲವಿದೆಯೇ? ಬೇಕಾದ ಮಾಹಿತಿ ಸಿಗುತ್ತದೆಯೇ? ಬಿಡುವಿನಲ್ಲಿ ಇಷ್ಟವಾದದ್ದು ಮಾಡಲು ಅವಕಾಶವಿದೆಯೇ? ಸುರಕ್ಷಿತವಾಗಿದ್ದೇನೆ ಎನಿಸುತ್ತದೆಯೇ? ಸುತ್ತಲಿನ ಜಾಗ ಆರೋಗ್ಯಕರವಾಗಿದೆಯೇ?

ನಾನು ಇದನ್ನು ಮೊದಲು ಓದಿದಾಗ ಎರಡು ಸಲ ಎಣಿಸಿದೆ. ಕಾಯಿಲೆಯವರ ಬದುಕು ಹೇಗಿದೆ ಎಂದು ತಿಳಿಯಲು ದೇಹದ ಬಗ್ಗೆ ಏಳು ಪ್ರಶ್ನೆ, ಮನೆ, ಹಣ, ಬಸ್ಸಿನ ಬಗ್ಗೆ ಎಂಟು! ಇದನ್ನು ಹಳ್ಳಿಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾಯಿಲೆಗಿಂತ ಆಸ್ಪತ್ರೆಗೆ ಹೋಗಿಬರುವುದೇ ದೊಡ್ಡ ಕಾಯಿಲೆ ಎಂದು ನೀವೇ ಎಷ್ಟು ಸಲ ನನಗೆ ಹೇಳಿಲ್ಲ!

ಇನ್ನೊಂದು ಮಾತು. ಈ ಪ್ರಶ್ನೆಗಳೆಲ್ಲ ‘ಕಳೆದ ಎರಡು ವಾರದಲ್ಲಿ’ ಹೇಗಿತ್ತು ಎಂದು ಕೇಳುತ್ತವೆ. ಹುಟ್ಟಿದಾಗಿನಿಂದ ಇಲ್ಲಿಯವರೆಗೆ ಎಂದು ಕೇಳಿದರೆ ಯಾರಿಗಾದರೂ ಕಣ್ಣಲ್ಲಿ ನೀರು ಬಂದೇ ಬರುತ್ತದೆ. ಎರಡು ವಾರ ಎಂದರೆ ನೆನಪಿರುತ್ತದೆ, ಸರಿಯಾದ ಉತ್ತರ ಸಿಗುತ್ತದೆ.

ನನ್ನದೇ ತಪ್ಪು

ಇದನ್ನೆಲ್ಲ ಬರೆಯುವ ನಾನೂ ಒಮ್ಮೆ ಸರಿಯಾಗಿ ಎಡವಿದ್ದೇನೆ. ಸುಮಾರು 25 ವರ್ಷಗಳ ಹಿಂದೆ, ಎಂ.ಎಸ್.ಡಬ್ಲ್ಯೂ. ಓದುತ್ತಿದ್ದಾಗ, ಮನೆ ಮನೆಗೆ ಹೋಗಿ ಬಹುದಿನದ ಕಾಯಿಲೆಯವರ ಬಗ್ಗೆ ಒಂದು ನಮೂನೆ ತುಂಬಿಸಿಕೊಂಡು ಬರುವ ಕೆಲಸ ನನಗೆ ಬಂದಿತ್ತು. ಒಂದು ಮನೆಯಲ್ಲಿ ಸಕ್ಕರೆ ಕಾಯಿಲೆಯ ಅಜ್ಜಿ, ಕಾಲಿನ ಹುಣ್ಣು ವಾಸಿಯಾಗದೆ ಮಂಚ ಹಿಡಿದಿದ್ದರು. ನಾನು ಬಾಗಿಲ ಹತ್ತಿರ ಚಾಪೆಯ ಮೇಲೆ ಕೂತು ಸೊಸೆಯನ್ನು ಕೇಳುತ್ತಾ ಹೋದೆ. ನೋವು ಇದೆಯಾ? ಇದೆ. ನಿದ್ದೆ? ಇಲ್ಲ. ಊಟ? ಸೇರೋದಿಲ್ಲ. ಹತ್ತು ನಿಮಿಷದಲ್ಲಿ ನಮೂನೆ ತುಂಬಿತು. ಏಳುವ ಹೊತ್ತಿಗೆ ಒಳಗಿನಿಂದ ಅಜ್ಜಿ ಕರೆದರು: “ಸಿಸ್ಟರಮ್ಮ, ನಾನಿಲ್ಲೇ ಇದ್ದೀನಲ್ಲ, ನನ್ನನ್ನೇ ಒಂದು ಮಾತು ಕೇಳಬಾರ್ದಿತ್ತಾ?”

ನಾಚಿಕೆಯಾಗಿ ಹೋಗಿ ಮಂಚದ ಪಕ್ಕ ಕೂತೆ. ಅಜ್ಜಿಗೆ ಕಾಲು ನೋವು ಅಷ್ಟು ದೊಡ್ಡ ವಿಷಯವೇ ಆಗಿರಲಿಲ್ಲ. ಅವರು ಹೇಳಿದ್ದು ಇಷ್ಟು: ಮಧ್ಯಾಹ್ನ ಮೂರು ಗಂಟೆಯ ಮೇಲೆ ಅವರು ನೀರು ಕುಡಿಯುತ್ತಿರಲಿಲ್ಲ. ರಾತ್ರಿ ಒಂದಕ್ಕೆ ಏಳಬೇಕಾದರೆ ಸೊಸೆಯನ್ನು ಎಬ್ಬಿಸಬೇಕು. ಸೊಸೆ ಬೆಳಿಗ್ಗೆ ಐದಕ್ಕೆ ಎದ್ದು ಕೂಲಿಗೆ ಹೋಗುವವಳು. “ಅವಳ ನಿದ್ದೆ ಯಾಕೆ ಕೆಡಿಸ್ಲಿ ಅಂತ ಬಾಯಿ ಒಣಗಿದ್ರೂ ಸುಮ್ನೆ ಮಲಗ್ತೀನಿ.” ಸಕ್ಕರೆ ಕಾಯಿಲೆಯವರಿಗೆ ಬಾಯಾರಿಕೆ ಎಷ್ಟಿರುತ್ತದೆ, ನೀರು ಕಡಿಮೆಯಾದರೆ ಎಷ್ಟು ಅಪಾಯ ಎಂಬುದು ನಿಮಗೆ ತಿಳಿದಿದೆ. ಸೊಸೆಗೆ ಇದು ಗೊತ್ತೇ ಇರಲಿಲ್ಲ. ಗೊತ್ತಾದಾಗ ಅವಳು ಸೆರಗು ಬಾಯಿಗೆ ಇಟ್ಟುಕೊಂಡು ಅತ್ತುಬಿಟ್ಟಳು. ಮಂಚದ ಪಕ್ಕ ಮುಚ್ಚಳದ ಒಂದು ಪಾತ್ರೆ, ಹಿಡಿದು ಏಳಲು ಗೋಡೆಗೆ ಒಂದು ಗಟ್ಟಿ ಮರದ ತುಂಡು. ಇಷ್ಟರಲ್ಲಿ ಆ ಸಮಸ್ಯೆ ಮುಗಿಯಿತು. ನನ್ನ ನಮೂನೆಯಲ್ಲಿ ನೀರಿನ ಬಗ್ಗೆ ಪ್ರಶ್ನೆಯೇ ಇರಲಿಲ್ಲ, ಅದು ಬೇರೆ ಮಾತು.

ಪಕ್ಕದಲ್ಲಿದ್ದವರು ಎಷ್ಟೇ ಪ್ರೀತಿಯಿಂದ ನೋಡಿಕೊಂಡರೂ ಎಲ್ಲವೂ ಕಾಣುವುದಿಲ್ಲ ಎಂಬುದಕ್ಕೆ ಸಂಶೋಧನೆಯ ಆಧಾರವೂ ಇದೆ. 1992ರಲ್ಲಿ ಸ್ಪ್ರಾಂಗರ್ಸ್ ಮತ್ತು ಆರನ್‌ಸನ್ ಎಂಬ ಇಬ್ಬರು ಸಂಶೋಧಕರು ಅಲ್ಲಿಯವರೆಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಆಸ್ಪತ್ರೆಯವರೂ ಮನೆಯವರೂ ರೋಗಿಯ ಬದುಕನ್ನು ರೋಗಿ ಹೇಳುವುದಕ್ಕಿಂತ ಕೆಳಮಟ್ಟದಲ್ಲಿ ಅಂದಾಜು ಮಾಡುವುದು ಹೆಚ್ಚು. ನೋವಿನ ವಿಷಯದಲ್ಲಿ ಮಾತ್ರ ಆಸ್ಪತ್ರೆಯವರದು ಉಲ್ಟಾ: ರೋಗಿಗೆ ಇರುವುದಕ್ಕಿಂತ ಕಡಿಮೆ ನೋವಿದೆ ಎಂದುಕೊಳ್ಳುತ್ತಾರೆ. ಕಣ್ಣಿಗೆ ಕಾಣುವ ಸಂಗತಿಗಳಲ್ಲಿ, ಅಂದರೆ ನಡೆಯುತ್ತಾರೋ ಇಲ್ಲವೋ, ಉಣ್ಣುತ್ತಾರೋ ಇಲ್ಲವೋ ಎಂಬುದರಲ್ಲಿ, ಮನೆಯವರ ಮಾತು ಹೆಚ್ಚು ಸರಿಯಾಗಿರುತ್ತದೆ. ಮನಸ್ಸಿನ ಒಳಗಿನದು ತಪ್ಪುತ್ತದೆ. ಬಾಯಿ ಬರದವರು, ಬಹಳ ಮರೆವು ಇರುವವರು ಇದ್ದಾಗ ಮನೆಯವರನ್ನೇ ಕೇಳಬೇಕಾಗುತ್ತದೆ, ಬೇರೆ ದಾರಿಯಿಲ್ಲ. ಬಾಯಿ ಬರುವವರನ್ನೂ ಬಿಟ್ಟು ಮನೆಯವರನ್ನು ಕೇಳುವ ಅಭ್ಯಾಸ ನಮ್ಮದು.

‘ಅಯ್ಯೋ ಪಾಪ’ದ ಬಗ್ಗೆ

ಡಯಾಲಿಸಿಸ್ ಮಾಡಿಸಿಕೊಳ್ಳುವವರ ಮನೆಗೆ ಹೋದರೆ ನಮ್ಮ ಬಾಯಿಂದ ಮೊದಲು ಬರುವ ಮಾತು ‘ಅಯ್ಯೋ ಪಾಪ’. ಒಂದೊಂದು ಸಲಕ್ಕೆ ಸುಮಾರು ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಬೇಕು, ನೀರು ಅಳೆದು ಕುಡಿಯಬೇಕು, ಹಣ್ಣು ತಿನ್ನಲೂ ಯೋಚಿಸಬೇಕು. ಇಂಥವರಿಗೆ ಸಂತೋಷ ಎಲ್ಲಿಂದ ಎಂದುಕೊಳ್ಳುತ್ತೇವೆ.

ಅಮೆರಿಕದಲ್ಲಿ ಕೆಲವರು ಇದನ್ನು ಊಹೆಗೆ ಬಿಡದೆ ಪರೀಕ್ಷಿಸಿದರು. 2005ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಡಯಾಲಿಸಿಸ್‌ನಲ್ಲಿರುವ 49 ಜನ, ಅವರಂಥದೇ ವಯಸ್ಸು ಮತ್ತು ಹಿನ್ನೆಲೆಯ ಆರೋಗ್ಯವಂತರು 49 ಜನ. ಎಲ್ಲರ ಕೈಗೂ ಅಂಗೈ ಅಗಲದ ಒಂದು ಯಂತ್ರ ಕೊಟ್ಟರು. ಒಂದು ವಾರದ ಕಾಲ ದಿನಕ್ಕೆ ಹಲವು ಸಲ ಅದು ಸದ್ದು ಮಾಡುತ್ತಿತ್ತು. ಸದ್ದಾದ ಕೂಡಲೇ, ಈ ಗಳಿಗೆಯಲ್ಲಿ ನಿಮ್ಮ ಮನಸ್ಸು ಹೇಗಿದೆ ಎಂದು ಒತ್ತಬೇಕು. ವಾರದ ಕೊನೆಗೆ ಲೆಕ್ಕ ಹಾಕಿದರೆ ಎರಡು ಗುಂಪಿಗೂ ಹೇಳುವಂಥ ವ್ಯತ್ಯಾಸವೇ ಇರಲಿಲ್ಲ. ಎರಡೂ ಕಡೆಯವರು ಹೆಚ್ಚಿನ ಹೊತ್ತು ಪರವಾಗಿಲ್ಲ ಎನ್ನುವಂಥ ಮನಸ್ಸಿನಲ್ಲೇ ಇದ್ದರು. ಆದರೆ ಡಯಾಲಿಸಿಸ್ ರೋಗಿಗಳು ಹೇಗಿರಬಹುದು ಎಂದು ಆರೋಗ್ಯವಂತರನ್ನು ಕೇಳಿದಾಗ, ಅವರು ಊಹಿಸಿದ್ದು ನಿಜಕ್ಕಿಂತ ಬಹಳ ಕೆಟ್ಟದಾಗಿತ್ತು.

ಮನುಷ್ಯ ಹೊಂದಿಕೊಳ್ಳುತ್ತಾನೆ ಎಂಬುದು ಇದಕ್ಕೆ ಕಾರಣ. ಮೊದಲ ತಿಂಗಳುಗಳ ಗಾಬರಿ ಕಳೆದ ಮೇಲೆ ಮೊಮ್ಮಗುವಿನ ಆಟ, ಟೀವಿಯ ಧಾರಾವಾಹಿ, ಅಕ್ಕಪಕ್ಕದವರ ಜಗಳ ಎಲ್ಲವೂ ಮತ್ತೆ ಬದುಕಿಗೆ ಬರುತ್ತವೆ. ಹೊರಗಿನಿಂದ ನೋಡುವ ನಮಗೆ ಯಂತ್ರ ಮಾತ್ರ ಕಾಣುತ್ತದೆ.

ಹಾಗೆಂದು ಇದನ್ನು ಇದ್ದ ಹಾಗೇ ನಮ್ಮ ಊರಿಗೆ ತಂದು ಹಚ್ಚಲು ನಾನು ಒಪ್ಪುವುದಿಲ್ಲ. ಅಮೆರಿಕದಲ್ಲಿ 1972ರಲ್ಲೇ ಕಾನೂನು ಮಾಡಿ ಡಯಾಲಿಸಿಸ್ ಖರ್ಚಿನ ಬಹುಪಾಲನ್ನು ಸರ್ಕಾರಿ ವಿಮೆಗೆ ಸೇರಿಸಿದ್ದಾರೆ. ನಮ್ಮಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದದ್ದು 2016ರಲ್ಲಿ. ಬಡವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವಂತಾದದ್ದು ದೊಡ್ಡ ಉಪಕಾರವೇ. ಆದರೆ ಬಸ್ ಚಾರ್ಜು, ಜೊತೆಗೆ ಹೋಗುವವರ ಒಂದು ದಿನದ ಕೂಲಿ, ಔಷಧಿ, ಇವು ನಿಂತಿಲ್ಲ. ಆ 26 ಪ್ರಶ್ನೆಗಳಲ್ಲಿ ಹಣ, ಓಡಾಟದ ಪ್ರಶ್ನೆ ಕೇಳಿದರೆ ನಮ್ಮವರ ಉತ್ತರ ಏನಿರುತ್ತದೆ ಎಂದು ನಮಗೆ ಗೊತ್ತು. ಅಂದರೆ ಮನಸ್ಸು ಹೊಂದಿಕೊಳ್ಳುತ್ತದೆ, ಬಸ್ ಚಾರ್ಜು ಹೊಂದಿಕೊಳ್ಳುವುದಿಲ್ಲ. ಕಾಯಿಲೆಯವರನ್ನು ನೋಡಲು ಹೋದಾಗ ಕನಿಕರದ ಮಾತು ಕಡಿಮೆ ಮಾಡಿ, ಯಾವುದಕ್ಕೆ ತೊಂದರೆ ಆಗುತ್ತಿದೆ ಎಂದು ಕೇಳುವುದು ಹೆಚ್ಚು ಪ್ರಯೋಜನ.

ನೋಡಿಕೊಳ್ಳುವವಳು ಹೇಗಿದ್ದಾಳೆ?

ಈಗ ನಮ್ಮದೇ ವಿಷಯಕ್ಕೆ ಬರೋಣ. ಕಾಯಿಲೆಯವರ ಪಕ್ಕದಲ್ಲಿ ನಿಂತವಳು ಸಾಮಾನ್ಯವಾಗಿ ಒಬ್ಬ ಹೆಣ್ಣುಮಗಳು. ಹೆಂಡತಿ, ಸೊಸೆ, ಮಗಳು, ಕೆಲವು ಕಡೆ ಶಾಲೆ ಬಿಟ್ಟ ಮೊಮ್ಮಗಳು. ಅವಳನ್ನು ‘ನೀನು ಹೇಗಿದ್ದೀ’ ಎಂದು ಕೇಳುವವರು ಯಾರು?

1980ರಲ್ಲಿ ಅಮೆರಿಕದ ಸ್ಟೀವನ್ ಜ಼ರಿಟ್ ಮತ್ತು ಸಂಗಡಿಗರು ಇದನ್ನು ಕೇಳಿದರು. ಮರೆವಿನ ಕಾಯಿಲೆಯ, ಅಂದರೆ ಡಿಮೆನ್ಷಿಯಾ ಇರುವ, ವೃದ್ಧರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ 29 ಜನರನ್ನು ಮಾತಾಡಿಸಿ, ಅವರಿಗೆ ಎಷ್ಟು ಭಾರ ಎನಿಸುತ್ತಿದೆ ಎಂದು ಅಳೆದರು. ಕಾಯಿಲೆ ಜಾಸ್ತಿ ಇದ್ದಷ್ಟೂ, ರೋಗಿಯ ಕಾಟ ಹೆಚ್ಚಿದ್ದಷ್ಟೂ ಭಾರ ಹೆಚ್ಚು ಎಂದೇ ಯಾರಾದರೂ ಹೇಳುತ್ತಾರೆ. ಆದರೆ ಅವರಿಗೆ ಸಿಕ್ಕ ಉತ್ತರ ಬೇರೆ. ಭಾರದ ಹೆಚ್ಚುಕಡಿಮೆಗೆ ಸಂಬಂಧ ಕಂಡದ್ದು ಮನೆಯ ಇತರರು, ಅಂದರೆ ಬೇರೆ ಮಕ್ಕಳು, ನೆಂಟರು, ಎಷ್ಟು ಸಲ ನೋಡಲು ಬರುತ್ತಾರೆ ಎಂಬುದಕ್ಕೆ. ಬಂದುಹೋಗುವವರು ಹೆಚ್ಚಿದ್ದ ಕಡೆ ಭಾರ ಕಡಿಮೆ. 29 ಜನ ಎಂದರೆ ಸಣ್ಣ ಸಂಖ್ಯೆ, ಆಮೇಲೆ ನಡೆದ ಅಧ್ಯಯನಗಳಲ್ಲಿ ರೋಗಿಯ ಹಠ, ಕೋಪ, ರಾತ್ರಿ ಎದ್ದು ಓಡಾಡುವುದು ಇವುಗಳಿಂದಲೂ ಭಾರ ಹೆಚ್ಚುತ್ತದೆ ಎಂದು ಕಂಡುಬಂದಿದೆ. ಅದು ನಿಜವೇ ಇರಬೇಕು, ಅನುಭವಿಸಿದವರನ್ನು ಕೇಳಿ. ಆದರೂ ಆ ಮೊದಲ ಉತ್ತರ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಜ಼ರಿಟ್ ಅವರ ಪ್ರಶ್ನಾವಳಿಯನ್ನು 22 ಪ್ರಶ್ನೆಗಳಿಗೆ ಇಳಿಸಿ ಈಗಲೂ ಹಲವು ದೇಶಗಳಲ್ಲಿ ಬಳಸುತ್ತಾರೆ.

ನಮ್ಮಲ್ಲಿ ನಡೆಯುವುದು ಏನು? ಕಾಯಿಲೆ ಬಿದ್ದ ಮೊದಲ ವಾರ ಊರೆಲ್ಲ ಬರುತ್ತದೆ, ಹಣ್ಣು ಬ್ರೆಡ್ಡು ರಾಶಿ ಬೀಳುತ್ತದೆ. ಆರು ತಿಂಗಳಾದ ಮೇಲೆ ಆ ಬೀದಿಯಲ್ಲಿ ಹೋದರೂ ಒಳಗೆ ಹೆಜ್ಜೆ ಇಡುವುದಿಲ್ಲ. ‘ಏನಂತ ಮಾತಾಡೋದು ಸಿಸ್ಟರ್, ಬೇಜಾರಾಗುತ್ತೆ’ ಎನ್ನುತ್ತಾರೆ. ಬಹುದಿನದ ಕಾಯಿಲೆ ನಿಜವಾಗಿ ಶುರುವಾಗುವುದೇ ಆರು ತಿಂಗಳ ಮೇಲೆ.

ನಮ್ಮ ಒಂದು ಸಂಘದವರು ಕಳೆದ ವರ್ಷ ಒಂದು ಕ್ರಮ ಮಾಡಿಕೊಂಡಿದ್ದಾರೆ, ಅದನ್ನು ಹೇಳಿ ಮುಗಿಸುತ್ತೇನೆ. ಅವರ ಬೀದಿಗಳಲ್ಲಿ ಇಂಥ ಐದು ಮನೆಗಳಿವೆ. ವಾರಕ್ಕೆ ಇಬ್ಬರು ಸದಸ್ಯೆಯರು ಸರದಿಯಂತೆ ಒಂದು ಮನೆಗೆ ಹೋಗುತ್ತಾರೆ. ಒಬ್ಬರು ಕಾಯಿಲೆಯವರ ಹತ್ತಿರ ಕೂರುತ್ತಾರೆ, ಇನ್ನೊಬ್ಬರು ನೋಡಿಕೊಳ್ಳುವವಳ ಹತ್ತಿರ, ಅಡುಗೆ ಮನೆಯಲ್ಲಿ. ಇಬ್ಬರನ್ನೂ ಬೇರೆ ಬೇರೆಯಾಗಿಯೇ ಮಾತಾಡಿಸಬೇಕು ಎಂಬುದು ನಾನು ಹೇಳಿಕೊಟ್ಟದ್ದು; ಒಬ್ಬರ ಮುಂದೆ ಇನ್ನೊಬ್ಬರು ನಿಜ ಹೇಳುವುದಿಲ್ಲ. ಕಳೆದ ಎರಡು ವಾರದಲ್ಲಿ ನಿದ್ದೆ ಹೇಗಿತ್ತು, ಯಾವುದು ಬಹಳ ಕಷ್ಟವಾಯಿತು, ಯಾವುದು ಖುಷಿಯಾಯಿತು, ಇಷ್ಟೇ ಪ್ರಶ್ನೆ. ಕೇಳಿದ್ದನ್ನು ಸಭೆಯಲ್ಲಿ ಹೇಳುವ ಹಾಗಿಲ್ಲ, ನಡಾವಳಿಯಲ್ಲಿ ಬರೆಯುವ ಹಾಗೂ ಇಲ್ಲ. ಕಾಯಿಲೆಯ ಹೆಸರನ್ನೇ ಗುಟ್ಟಾಗಿ ಇಟ್ಟುಕೊಂಡ ಮನೆಗಳೂ ಇರುತ್ತವೆ, ಅದು ಅವರ ಹಕ್ಕು. ಮಾತ್ರೆ ಮುಗಿದಿದೆ, ಪರೀಕ್ಷೆ ಮಾಡಿಸಿಲ್ಲ ಎಂದು ಗೊತ್ತಾದರೆ ಮನೆಯವರನ್ನು ಕೇಳಿ ಆಶಾ ಕಾರ್ಯಕರ್ತೆಗೆ ತಿಳಿಸುತ್ತಾರೆ.

ಮೊದಲ ಎರಡು ತಿಂಗಳು ಕಷ್ಟವಾಯಿತಂತೆ. ಸಾಲದ ವಸೂಲಿಗೆ ಬಂದರೇನೋ ಎಂದು ಒಂದು ಮನೆಯವರು ಬಾಗಿಲನ್ನೇ ತೆರೆಯಲಿಲ್ಲ! ಇನ್ನೊಂದು ಮನೆಯಲ್ಲಿ ಲಕ್ವ ಹೊಡೆದ ಗಂಡನನ್ನು ನಾಲ್ಕು ವರ್ಷದಿಂದ ನೋಡಿಕೊಳ್ಳುತ್ತಿರುವ ಹೆಣ್ಣುಮಗಳು ಮೂರನೇ ಭೇಟಿಯವರೆಗೂ ‘ನಂಗೇನಾಗಿದೆ, ಚೆನ್ನಾಗಿದ್ದೀನಿ’ ಎಂದೇ ಹೇಳುತ್ತಿದ್ದಳು. ನಾಲ್ಕನೆಯ ಸಲ ಕಾಳು ಆರಿಸುತ್ತಾ, ತಲೆ ಎತ್ತದೆ, “ನಮ್ಮಮ್ಮನ ಮುಖ ನೋಡಿ ಎರಡು ವರ್ಷ ಆಯ್ತಕ್ಕ” ಎಂದಳು. ತವರು ಇಪ್ಪತ್ತು ಕಿಲೋಮೀಟರ್ ಕೂಡ ಇಲ್ಲ. ಇವರನ್ನು ಬಿಟ್ಟು ಹೋಗುವ ಹಾಗಿಲ್ಲ, ಅಷ್ಟೇ. ಗಂಡನನ್ನು ಕೇಳಿದರೆ ಅವರು ಹೇಳಿದ್ದು: “ಹೋಗಿ ಬಾ ಅಂತ ನಾನು ಎಷ್ಟು ಸಲ ಹೇಳ್ಲಿ ತಾಯಿ, ಅವಳು ಕೇಳಲ್ಲ. ನನ್ನ ಊಟದ್ದೇ ಚಿಂತೆ ಅವಳಿಗೆ.”

ಆ ಶನಿವಾರ ಸಂಘದ ಇಬ್ಬರು ಊಟ, ಮಾತ್ರೆಯ ಹೊಣೆ ಹೊತ್ತರು. ರಾತ್ರಿಗೆ ಗಂಡನ ತಮ್ಮನನ್ನು ಕರೆದು ಮಲಗಿಸಿದರು. ಅವಳು ಮಧ್ಯಾಹ್ನದ ಬಸ್ಸಿಗೆ ಹೋಗಿ ಭಾನುವಾರ ಸಂಜೆ ಬಂದಳು, ತವರಿನಿಂದ ಒಂದು ಚೀಲ ಹುಣಸೆಹಣ್ಣು ಹೊತ್ತುಕೊಂಡು. ಈಗ ಎರಡು ತಿಂಗಳಿಗೊಮ್ಮೆ ಹೋಗಿ ಬರುತ್ತಾಳೆ. ಮೊದಲ ಸಲದ ಆ ಹುಣಸೆಹಣ್ಣನ್ನು ಸಭೆಯಲ್ಲಿ ಹದಿನಾಲ್ಕು ಪಾಲು ಮಾಡಿ ಹಂಚಿದರಂತೆ, ನನ್ನ ಪಾಲನ್ನು ಪ್ರೇರಕಿಯ ಕೈಯಲ್ಲಿ ಕಳಿಸಿದ್ದರು.